ಮುದ್ದೆಮಾಲು

ನಾಲ್ಕು ವರ್ಷ ಠಾಣೆಯ ಬಯಲಾಗ ನಿಂತ ಗಾಡಿ
ಇವತ್ತು ಹಗ್ಗಕ್ಕ ಕೊರಳು ಕೊಟ್ಟು
ದುಧನಿಯ ನನ್ನ ವಾಷಿಂಗ್ ಕಟ್ಟಿಗೆ ಬಂತು.
ಹಿಂದ ಖಾಜಪ್ಪ. ಕೈಯಾಗ ಕೋರ್ಟಿನ ಕಾಗದ,
ಮರಾಠಿಯಾಗ ಬರದದ್ದು, ಎರಡು ಸಲ ಓದಿ ತೋರಿಸಿದ:
ನಿರ್ದೋಷ.
ಎಂಜಿನ್ ಮಾತು ಆಮೇಲೆ, ಅಂದ,
ಮೊದಲ ಇದರ ಮಾರಿ ಕರ್ರಗ ಮಾಡು.

ಮನುಷ್ಯಾರ ಮಾರಿಗೆ ಮಸಿ ಹತ್ತಿದರ ಮಾನ ಹೋಗತದ,
ಗಾಡಿದು ಉಲ್ಟಾ.
ಬಂಪರ್, ಬಾಗಿಲ ಪಟ್ಟಿ, ಕನ್ನಡಿಯ ಚಿಪ್ಪು,
ವಾರಗಟ್ಟಲೆ ಮೈ ತೊಳಿಯದ ಎಮ್ಮಿಯ ಬೆನ್ನಿನಂಗ ಬೂದಿ.
ಬೆರಳು ತಿಕ್ಕಿದರ ಬೆರಳಿಗೇ ಹತ್ತತದ ಬಿಳಿ ಹುಡಿ.
ಎಡಗಡೆ ಹೆಚ್ಚು. ಬಲಗಡೆ ಗ್ವಾಡಿ ಇತ್ತಂತ,
ಗ್ವಾಡಿಯ ನೆರಳು ಬಿದ್ದಷ್ಟು ಉದ್ದ ಇನ್ನೂ ಸ್ವಲ್ಪ ಕರಿ.

ತೊಳದೆ. ಸಾಬೂನು ನೀರು, ಹಳೇ ಹಲ್ಲುಜ್ಜೋ ಬ್ರಷ್.
ಸಣ್ಣ ಸಣ್ಣ ತರಿಯೊಳಗ ಕುಂತ ಮಣ್ಣು,
ಯಾರೋ ಒಮ್ಮೆ ಹಚ್ಚಿದ ಪಾಲಿಶ್ ಒಣಗಿ
ಕೂಸಿನ ಕಟಬಾಯಿಯ ಹಾಲಿನಂಗ ಬೆಳ್ಳಗ.
ಗೆರಿ ಹಿಡದು ತಿಕ್ಕಬೇಕು. ಅಡ್ಡಾದಿಡ್ಡಿ ತಿಕ್ಕಿದರ
ನಾಳೆ ಬಿಸಿಲಾಗ ಅದು ಎಲ್ಲಾ ಹೇಳಿಬಿಡತದ.

ಖಾಜಪ್ಪ ಬಕೀಟು ಬೋರಲ ಹಾಕಿ ಕುಂತಿದ್ದ:
ಆಳಂದ ದಾರಿಯಾಗ ಒಬ್ಬ ಕೈ ಮಾಡಿದ,
ಹಿಂದಿನ ಸೀಟಿಗೊಂದು ಚೀಲ. ತೊಗರಿಬ್ಯಾಳಿ, ಅಂದ.
ವಡಾಪ್ ಹೊಡಿಯವ ಚೀಲ ಮೂಸಿ ನೋಡತಾನೇನು?
ನಾಕಾದಾಗ ಬಿಚ್ಚಿದರು. ಇಳಿದವ ಇಳಿದೇ ಹೋದ.
ಗುಟ್ಕಾ ಸುಟ್ಟರಂತ. ಗಾಡಿ ಉಳೀತು.
ನಾ ಮೂರನೇ ದಿನಕ್ಕ ಮನಿಗೆ ಬಂದೆ, ಅದು ಬರಲಿಲ್ಲ.
ತಾರೀಖಿಗೊಮ್ಮೆ ಹೋಗಿ ಬೇಲಿ ಹತ್ರ ನಿಲ್ಲತಿದ್ದೆ.
ಮುಟ್ಟಬ್ಯಾಡ, ಅಂತಿದ್ದ ಹವಾಲ್ದಾರ. ಒಳ್ಳೇ ಮನುಷ್ಯಾನೇ.

ಬೂಟ್ ಪಾಲಿಶ್ ಹಚ್ಚವರದಾರ,
ಮೊದಲ ಮಳಿಗೆ ಬಾಗಿಲ ತುಂಬ ಅತ್ತ ಕಾಡಿಗಿ.
ಕೊಬ್ಬರಿ ಎಣ್ಣಿ ಎರಡು ದಿನದ ಡೌಲು, ಮೂರನೇ ದಿನ ಧೂಳಿನ ಬೀಗರು.
ನಾ ಹೀಟ್ ಗನ್ ತಾ ಅಂತ ಹುಡುಗಗ ಕೂಗಿದೆ.
ಗನ್ ಅನ್ನೋದಕ್ಕ ಖಾಜಪ್ಪ ಎದ್ದು ನಿಂತ.
ಗಾಳಿ ಅಷ್ಟ, ಮಾಮಾ. ಬಿಸಿ ಗಾಳಿ.

ಒಂದು ಗೇಣು ದೂರ. ಕೈ ನಿಂತರ ಮೈ ಕರಗತದ,
ಓಡಿದರ ಏನೂ ಆಗೂದಿಲ್ಲ.
ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಿದಾಗ
ಹಿಟ್ಟಿನ ಬಿಳುಪು ಸರಿಯೂ ಹಂಗ
ಬೂದಿ ಸರಿದು ಕರಿ ಮ್ಯಾಲ ಬಂತು.
ಇಷ್ಟು ದಿವಸ ಒಳಗ ಇತ್ತೇನು?
ಇತ್ತು.

ಮುಂದಿನ ಮೂಲ್ಯಾಗ ಒಂದು ಚೀಟಿ ಅಂಟಿತ್ತು,
ಮುದ್ದೆಮಾಲು ಅಂತ, ಅದರ ಕೆಳಗ ಅಳಿಸಿದ ನಂಬರು.
ಸೀಮೆಎಣ್ಣಿ ಬಿಟ್ಟು ಉಗುರಿಲೆ ಎಬ್ಬಿಸಿದೆ.
ಅಡಿಯಾಗ ಅಂಗೈಯಗಲ ಚೌಕ,
ಷೋರೂಮಿನಿಂದ ಇಳಿದ ದಿನದ್ದು, ಕಣ್ಣಗೊಂಬಿಯಂಥಾ ಕರಿ.
ಇಡೀ ಗಾಡಿಯಾಗ ಬಿಸಿಲು ಮುಟ್ಟದ ಜಾಗ ಅದೊಂದ,
ಆ ಚೀಟಿ ಕಾದದ್ದು.
ನಾವಿಬ್ಬರೂ ಸುಮ್ಮನ ನೋಡಿದಿವಿ. ಅವ ನಕ್ಕನೋ ಕೆಮ್ಮಿದನೋ.

ಆಮೇಲೆ ಅಗಸಿ ಎಣ್ಣಿ, ಹಳೇ ಬನಿಯನ್ನಿನ ತುಂಡು,
ತೆಳ್ಳಗ ಒಂದು ಕೈ, ಒರಸಿ ಇನ್ನೊಂದು ಕೈ.
ಎಡ ಬಲ ಒಂದಾಯ್ತು. ಚೌಕ ಮಾತ್ರ
ಸಂಜಿಯ ಓರೆ ಬೆಳಕಿಗೆ ಇನ್ನೂ ಕಾಣತಿತ್ತು,
ನನ್ನ ಕೈಲೆ ಆಗೂದು ಇಷ್ಟ ಅಂದೆ.

ಎಷ್ಟು ದಿನ ಬಾಳತದ?
ಆರು ತಿಂಗಳು. ನೆರಳಾಗ ನಿಲ್ಲಿಸಿದರ ವರ್ಷ.
ನೆರಳು, ಅಂದ ಖಾಜಪ್ಪ. ರೊಕ್ಕ ಎಣಿಸಿದ, ಇನ್ನೂರು ಕಮ್ಮಿ.
ಬಂಪರಿನ ಕಡಿಗೆ ಕೈ ಚಾಚಿದ.
ಮುಟ್ಟಬ್ಯಾಡ, ಎಣ್ಣಿ ಹಸಿ ಅದ, ಅಂದುಬಿಟ್ಟೆ ನಾ.
ತಕ್ಷಣ ಕೈ ಹಿಂದ ತಗೊಂಡ,
ರೂಢಿಯಾದವನಂಗ.

ಮುಟ್ಟು ಮಾಮಾ, ಅಂದೆ ಆಮೇಲೆ,
ಬೆರಳಚ್ಚು ಬಿದ್ದರ
ನಾಳೆ ಒರಸಿದರಾಯ್ತು.