ಮುಟ್ಟಿಸಿದವರು

ಥಿಯೋಫಿಲಪ್ಪ ಕೋರಿ ಮಾಸ್ತರರು ಮಾಸ್ತರರೇ ಅಲ್ಲ.
ಮೂವತ್ತೊಂದು ವರ್ಷ ಗುಂತಕಲ್ ಗಾಡಿಯ ಕೆಂಪು ಡಬ್ಬಿಯಲ್ಲಿ
ರಾತ್ರಿಯೆಲ್ಲ ನಿಂತು ಟಪಾಲು ವಿಂಗಡಿಸಿದವರು.
ನಿವೃತ್ತಿಯಾದರೂ ಬಲಗೈ ಸುಮ್ಮನಿರದು:
ಊಟಕ್ಕೆ ಕೂತರೆ ಚಟ್ನಿ ಒಂದು ಮೂಲೆ, ಪಲ್ಲೆ ಒಂದು ಮೂಲೆ,
ಅಣ್ಣಿಗೇರಿ, ಹುಲಕೋಟಿ, ಗದಗ, ಕೊಪ್ಪಳ.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹಿಂದೆ, ತಗಡಿನ ಕೆಳಗೆ,
ರವಿವಾರ ಹನ್ನೊಂದು ಮಕ್ಕಳು ಚಾಪೆಯ ಮೇಲೆ, ನಾನು ಕಿಟಕಿಯಲ್ಲಿ.
ನಾನು ಅವರ ಮತದವನಲ್ಲ;
ಕೊನೆಗೆ ಹಂಚುವ ಬೆಲ್ಲದುಂಡೆಯ ಮತದವನು.

"ಇಳಿಯೋ ತಮ್ಮಾ," ಅಂದರು ಒಮ್ಮೆ.
"ಹಿಂಗ ಕಿಟಕ್ಯಾಗ ಕೂತು ಕೇಳಿಕೋಂತ ನಿದ್ದಿ ಹತ್ತಿ
ಮೂರನೇ ಮಾಳಿಗಿಯಿಂದ ಬಿದ್ದಾಂವ ಒಬ್ಬಾಂವ ಇದ್ದ ಆಗ.
ಭಾಷಣ ಭಾಳ ಉದ್ದಾಗಿತ್ತಂತ."
ಇಳಿದೆ. ಅವತ್ತಿನಿಂದ ಚಾಪೆ.

ಸುಣ್ಣದ ಗೋಡೆಗೆ ಇದ್ದಿಲಿನಿಂದ ಒಂದು ಸಮುದ್ರ ಬರೆದರು,
ಸುತ್ತ ಊರುಗಳ ಚುಕ್ಕಿ, ನಡುವೆ ಗೆರೆ ಗೆರೆ ರಸ್ತೆ,
ನೋಡಿದರೆ ಥೇಟು ಅವರ ಗಾಡಿಯ ಖಾನೆಗಳು.
"ಈ ರಸ್ತೆ ಯಾಕ ಮಾಡಿದ್ರು?"
"ಸೈನ್ಯಕ್ಕ ರೀ."
"ಹೂಂ. ಸೈನ್ಯಕ್ಕ, ತೆರಿಗಿಗೆ, ಗೋಧಿಗೆ.
ನಮ್ಮ ರೈಲು ಬಂದಿದ್ದು ಹತ್ತಿ ಹೊರಾಕ.
ಹಾದಿ ಹಾಕಿದಾಂವ ಒಂದಕ್ಕ ಹಾಕ್ತಾನ,
ಹಾದಿ ಮತ್ತೊಂದನ್ನೂ ಒಯ್ತದ."

ನಮಗೆ ಸಿಂಹದ ಕತೆ ಬೇಕಿತ್ತು. ಬೆಂಕಿ, ಚಕ್ರವರ್ತಿ, ರಕ್ತ.
"ಇದ್ದವು, ಸಿಂಹ ಇದ್ದವು," ಎಂದು ಕೈ ಬೀಸಿದರು,
ತಪ್ಪು ಖಾನೆಗೆ ಬಿದ್ದ ಲಕೋಟೆ ತೆಗೆದಂತೆ.
"ಕಾಗದ ಯಾರು ಒಯ್ದರು, ಅದನ್ನ ಕೇಳ್ರಿ.
ಚಕ್ರವರ್ತಿಯ ಟಪಾಲಿನ ಕುದುರಿ ಬಡವರ ಕಾಗದ ಮೂಸಿ ಸೈತ ನೋಡತಿದ್ದಿಲ್ಲ.
ಬಣ್ಣದ ಅರಿವಿ ಮಾರಾಕಿ ಒಯ್ದಳು, ಗಂಟಿನ ನಡುವ ಇಟ್ಟು.
ಬಿಡುಗಡಿ ಆದ ಆಳು ಒಯ್ದ, ಬಿಡುಗಡಿ ಆಗದಾಂವನೂ ಒಯ್ದ.
ಡೇರೆ ಹೊಲಿಯವನ ಅಕ್ಷರ ಹಡಗದಾಗ ತೊಯ್ದು, ಹಂಚಿನ ಮ್ಯಾಲೆ ಒಣಗಿ
ಮುಟ್ಟಿತು."

ಆಮೇಲೆ ಯಾಕೋ ಬೆಟಗೇರಿಗೆ ಹೊರಳಿದರು.
ಒಂದು ಇನ್‌ಲ್ಯಾಂಡ್ ಪತ್ರ, ಸೊಲ್ಲಾಪುರದ ಶಿಕ್ಕಾ,
ವಿಳಾಸ ಇಷ್ಟೇ: *ನಮ್ಮವ್ವಗ, ನೇಕಾರ ಓಣಿ, ಬೆಟಗೇರಿ.*
ವಾಪಸು ಖಾನೆಗೆ ಹಾಕಬೇಕಾದದ್ದು ಅಂಗಿಯ ಕಿಸೆಗೆ ಹಾಕಿದರು.
ರಜೆಯ ದಿನ ಮಗ್ಗದಿಂದ ಮಗ್ಗಕ್ಕೆ ಕೇಳುತ್ತ ನಡೆದರು;
ಹದಿನಾಲ್ಕನೇ ಮನೆಯಲ್ಲಿ ಅಂಬವ್ವ ಲಾಳಿ ನಿಲ್ಲಿಸಿದಳು.

"ಓದ್ರಿ," ಅಂದಳು. ಓದಿದರು.
ಏನೂ ಇರಲಿಲ್ಲ ಅದರಲ್ಲಿ. ಜ್ವರ ಬಿಟ್ಟದ. ಕೆಲಸ ಸಿಕ್ಕದ.
ಕೊನೆಗೆ ಓಣಿಯ ಒಬ್ಬೊಬ್ಬರ ಹೆಸರು ಹಿಡಿದು ಶರಣು.
"ಇನ್ನೊಮ್ಮೆ ಓದ್ರಿ."
ಅಷ್ಟರಲ್ಲಿ ಎಡಮನೆ ಬಂತು, ಬಲಮನೆ ಬಂತು,
ಕೈಗೆ ಗಂಜಿ ಮೆತ್ತಿದವರು, ಬಣ್ಣ ಮೆತ್ತಿದವರು;
ಮಗ್ಗಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು.
ನಾಲ್ಕನೇ ಸಲ ಓದುವಾಗ ಹೊಸ್ತಿಲಲ್ಲಿ ನಿಂತ ಫಕೀರವ್ವ
ಕೇಳಿದಳು ಮೆಲ್ಲಗೆ:
"ನನ್ನ ಹೆಸರ ಐತೇನ್ರಿ?"

ಮಾಸ್ತರರು ಇದ್ದಿಲಿನ ಬೆರಳು ಧೋತರಕ್ಕೆ ಒರೆಸಿಕೊಂಡರು.
"ಓದಿದೆ," ಅಂದರು. "ಕಾಗದದಾಗ ಇದ್ದಿಲ್ಲ. ಓದಿದೆ."

"ಅದು ಸುಳ್ಳಲ್ರೀ?" ಮುಂದೆ ಕೂತ ಕರುಣಾಳ ಪ್ರಶ್ನೆ.
ಗಾಡಿಯೊಂದು ಶಂಟಿಂಗ್ ಆಗುವ ಸದ್ದು ಮುಗಿಯುವತನಕ
ಅವರು ಉತ್ತರಿಸಲಿಲ್ಲ; ಮುಗಿದ ಮೇಲೂ.
"ಆ ಹಳೇ ಕಾಗದಗಳ ಕೊನೀ ಹಾಳಿ
ಎಲ್ಲಾರೂ ಹಾರಿಸಿ ಓದ್ತಾರ," ಅಂದರಷ್ಟೇ.
"ಬರೇ ಹೆಸರ ಅದಾವಂತ."

ಬೆಲ್ಲದುಂಡೆಯ ಡಬ್ಬಿ ತೆಗೆದು ಹಾಜರಿ ಕರೆದರು.
ಒಬ್ಬೊಬ್ಬರೇ ಎದ್ದು ಹೋದರು.
ಕೊನೆಗೆ, ಕನ್ನಡಕ ಏರಿಸಿ, ಹಾಳೆಗೆ ಬೆರಳಿಟ್ಟು:
"ಮೌನೇಶ ಕಮ್ಮಾರ."

ಉಂಡೆ ಬಾಯಿಗಿಟ್ಟು ಅವರ ಮೊಳಕೈ ಸಂದಿನಿಂದ
ಪುಸ್ತಕ ಇಣುಕಿದೆ.
ಹನ್ನೊಂದೇ ಹೆಸರು.