ನೂಲು ಕಚ್ಚುವ ಹಲ್ಲು

ಸೋಮ, ಬುಧ, ಶುಕ್ರ ರಕ್ತ ತೊಳೆಯುವ ದಿನ.
ಹಾಗಾಗಿ ನನ್ನ ಕುರ್ಚಿಗೆ ಅವರು ಬಂದದ್ದು ಮಂಗಳವಾರ,
ಎಡತೋಳಿನ ಹತ್ತಿಪಟ್ಟಿ ಇನ್ನೂ ಬಿಚ್ಚದೆ.
ದಾಸು ತಿಂಗಳಾಯ, ಐವತ್ತೆರಡು,
ಮಲ್ಪೆ ಬಂದರಿನಲ್ಲಿ ಬಲೆ ಹೊಲಿಯುವವರು.
ಕೈಯಲ್ಲಿ ಕಿಡ್ನಿ ಡಾಕ್ಟರ ಚೀಟಿ:
ಕಸಿಗೆ ಮುಂಚೆ ಬಾಯಿ ನೋಡಿ,
ಸೋಂಕಿಲ್ಲವೆಂದು ಬರೆದುಕೊಡಿ.

"ಬಾಯಿ ಎಲ್ಲುಂಟು, ಕಿಡ್ನಿ ಎಲ್ಲುಂಟು!
ಎಂತ ಸಂಬಂಧ ಮಾರಾಯ್ರೆ?"
ಕೇಳಿದ್ದು ಅವರಲ್ಲ, ಜೊತೆಗೆ ಬಂದ ಅಕ್ಕ ವಾರಿಜ,
ಒಂದು ಕಿಡ್ನಿ ಕೊಡಲಿಕ್ಕೆ ಹೊರಟವರು,
ಮಡಿಲಲ್ಲಿ ಮೀನಿನ ಲೆಕ್ಕದ ಪುಸ್ತಕ.

ಒಸಡಿನ ಸಂದಿಗೆ ಅಳತೆಕಡ್ಡಿ ಇಳಿಸಿದೆ.
ಆರು. ಏಳು. ಒಂಬತ್ತು. ಮತ್ತೆ ಏಳು.
ನರ್ಸ್ ಬರೆದುಕೊಳ್ಳುತ್ತಿದ್ದಂತೆ
ತೆರೆದ ಬಾಯಲ್ಲೇ ಏನೋ ಅಂದರು. ಕಡ್ಡಿ ತೆಗೆದೆ.
"ಒಂಬತ್ತು ಮಾರಾ?"
ಮಿಲಿಮೀಟರ್ ಅಂದೆ. ನಕ್ಕರು. ನಕ್ಕಲ್ಲೆಲ್ಲ ರಕ್ತ.
"ಒಂಬತ್ತು ಮಾರಿನಲ್ಲಿ ನಮಗೆ ಬಂಗುಡೆ ಸಿಗ್ತದೆ ಡಾಕ್ಟ್ರೆ,
ನಿಮಗೆಂತ ಸಿಕ್ಕಿತು?"

ಸಿಕ್ಕಿದ್ದು ಕಲ್ಲು:
ದೋಣಿಯಡಿಗೆ ಕಚ್ಚಿಕೊಂಡ ಚಿಪ್ಪಿನ ಹಾಗೆ
ಬೇರಿನವರೆಗೂ. ಅದರಡಿ ಕೀವು.
ಅಗಿದ ಒಂದೊಂದು ತುತ್ತಿಗೂ ಅಲ್ಲಿಂದ ಒಂದಿಷ್ಟು
ರಕ್ತಕ್ಕೆ ಇಳಿಯುತ್ತದೆ, ಊರೆಲ್ಲ ಸುತ್ತುತ್ತದೆ,
ಸೋಸುವ ಮನೆಯನ್ನೂ ಬಿಡುವುದಿಲ್ಲ.

"ಹಾಗಾದರೆ ಒಸಡೇ ಕಿಡ್ನಿ ತಿಂದದ್ದು?"
ಹಾಗೆ ಹೇಳಲಾರೆ, ಅಂದೆ. ಬಿಪಿ ಇತ್ತು, ಸಕ್ಕರೆ ಇತ್ತು,
ಸೊಂಟನೋವಿಗೆ ನುಂಗಿದ ಮಾತ್ರೆಗೆ ಲೆಕ್ಕವಿಲ್ಲ.
ಕಿಡ್ನಿ ಸೋತರೆ ಒಸಡು ಸೋಲುತ್ತದೆ,
ಒಸಡು ಕೊಳೆತರೆ ಕಿಡ್ನಿಗೆ ಇನ್ನಷ್ಟು ದಣಿವು.
ಯಾವ ಎಳೆ ಮೊದಲು ಹರಿಯಿತೆಂದು
ಬಲೆ ನೋಡಿ ಹೇಳಲಿಕ್ಕೆ ಬರ್ತದಾ?

"ಬರ್ತದೆ," ಅಂದರು ತಿಂಗಳಾಯರು.
"ಹೊಲಿಯಲಿಕ್ಕೆ ಕೂತ ಮೇಲೆ ಯಾರೂ ಕೇಳುವುದಿಲ್ಲ, ಅಷ್ಟೆ."

ವಾರಿಜಕ್ಕ ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ:
"ಎರಡು ವರ್ಷ ಮುಂಚೆಯೇ ಇವನ ಬಾಯಿಂದ
ಐಸ್ ಪ್ಲಾಂಟಿನ ವಾಸನೆ ಬರ್ತಿತ್ತು.
ಬಂದರಿನಲ್ಲಿ ಅದು ಯಾರಿಗೆ ಗೊತ್ತಾಗ್ತದೆ?
ಅಮೋನಿಯಾ ಪೈಪು ಸೋರಿತೆಂದು
ಮೂಗಿಗೆ ಸೆರಗು ಹಿಡಿದು ದಾಟಿ ಹೋದೆ."
ಪುಸ್ತಕ ತೆರೆದರು, ಏನೂ ಬರೆಯದೆ ಮುಚ್ಚಿದರು.

ಕೆಲವನ್ನು ತೊಳೆದು ಉಳಿಸಬಹುದು. ಐದು ಹೋಗಬೇಕು.
ನಾಲ್ಕಕ್ಕೆ ಹೂಂ ಅಂದರು.
ಐದನೆಯದು ಮೇಲಿನ ಎದುರು ಹಲ್ಲು, ಒಂಬತ್ತರದ್ದು,
ನಾಲಿಗೆ ತಾಗಿದರೂ ಅಲುಗುವಂಥದ್ದು.
ಅದರ ಅಂಚಿನಲ್ಲಿ ಅಕ್ಕಿಕಾಳು ಕೂರುವಷ್ಟು ಕಚ್ಚು:
ಮೂವತ್ತೈದು ವರ್ಷ ನೈಲಾನ್ ನೂಲು ಕಡಿದ ಜಾಗ.
"ಅದೊಂದು ಬಿಡಿ."
ಕತ್ತರಿ ಇಲ್ಲವಾ?
"ಎರಡು ಕೈಯೂ ಬಲೆಯಲ್ಲಿರ್ತದೆ.
ಕತ್ತರಿ ಹಿಡಿಯಲಿಕ್ಕೆ ಮೂರನೇ ಕೈ ಕೊಡ್ತೀರಾ?"

ಫ್ಯಾನ್ ತಿರುಗುತ್ತಿತ್ತು. ಕಿಟಕಿಯಾಚೆ
ಮಣಿಪಾಲದ ಬಸ್ಸಿನವ ಸೀಟಿ ಊದುತ್ತಿದ್ದ.
ವಾರಿಜಕ್ಕ ಎದ್ದು ನಿಂತರು.
"ನಾನು ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಡ್ತೇನೆ.
ನಿನಗೆ ಒಂದು ಹಲ್ಲು ಕೊಡಲಿಕ್ಕಾಗುದಿಲ್ವಾ, ದಾಸು?"

ಅವರು ಅಕ್ಕನ ಮುಖ ನೋಡಲಿಲ್ಲ.
ದೀಪ ನೋಡಿಕೊಂಡು ಬಾಯಿ ತೆರೆದರು.

ಹಲ್ಲು ಬಂತು, ಎಳೆಯಬೇಕಾಗಲೇ ಇಲ್ಲ.
ಕಪ್ಪು ರೇಷ್ಮೆ ನೂಲಿನಲ್ಲಿ ಗುಳಿ ಹೊಲಿದೆ,
ಕತ್ತರಿಯಲ್ಲಿ ತುದಿ ಕತ್ತರಿಸಿದೆ.
ಅವರು ಕನ್ನಡಿ ಕೇಳಿದರು, ತುಟಿಯೆತ್ತಿ ತುಂಬ ಹೊತ್ತು ನೋಡಿ
ತಲೆಯಲ್ಲಾಡಿಸಿದರು. ಮಾತಾಡುವ ಹಾಗಿರಲಿಲ್ಲ.
ಎರಡು ಬೆರಳಲ್ಲಿ ಗಾಳಿಗೆ ನೂಲು ಹಾಕಿ ತೋರಿಸಿದರು:
ಇನ್ನೊಂದು ಸುತ್ತು, ಆಮೇಲೆ ಒಳಗಿಂದ.

ಹೌದು, ನನ್ನ ಗಂಟು ಸಡಿಲವಿತ್ತು.
ಬಿಚ್ಚಿದೆ.
ಅವರು ತೋರಿಸಿದ ಹಾಗೆ ಕಟ್ಟಿದೆ.