ತುಂಬಿಯೇ ಇರಲಿ

ಮೊಣಕಾಲುದ್ದವೂ ಇಳಿದಿರಲಿಲ್ಲ,
ಗುದ್ದಲಿ ಒದ್ದೆಯಾಗಿ ಬಂತು.
ಮುದುಕ ಎಲ್ಯುತೇರಿಯೊ ಅಲಗು ಮೂಸಿ ನೋಡಿದ:
'ನೆಲಿದಾ, ಇಲ್ಲಿ ಈಜುಕೊಳ ಯಾಕೆ?
ಆಗಲೇ ಒಂದಿದೆಯಲ್ಲ,
ಮೇಲೆ ಹುಲ್ಲು ಹಾಸಿಟ್ಟಿದ್ದಾರೆ ಅಷ್ಟೆ.'

ಅವನು ಬಾವಿ ತೋಡುವವ.
ಕಿಲ್ಮೆಸ್‌ನ ಈ ಬೀದಿಗಳಡಿ ನಲವತ್ತು ವರ್ಷ
ನೀರನ್ನು ಬೇಡಿಕೊಂಡು ಇಳಿದವ.
ಆಗೆಲ್ಲ ಹದಿನೆಂಟು ಮೀಟರು. ಹಗ್ಗಕ್ಕೆ ಹಗ್ಗ ಗಂಟು.
ಮೇಲಿಂದ ಯಾರಾದರೂ ಕೂಗಿದರೆ
ತನ್ನ ಹೆಸರೇ ಬೇರೆ ಯಾರದೋ ಅನಿಸುತ್ತಿತ್ತಂತೆ.
ಈಗ ಕರೆಯದೆಯೇ ಬರುತ್ತದೆ,
ಸಾಲ ಕೊಟ್ಟವರ ಹಾಗೆ, ನೇರ ಅಡುಗೆಮನೆಗೆ.
ಗೋಡೆಯಲ್ಲಿ ಸೊಂಟದೆತ್ತರ ಉಪ್ಪು ಅರಳಿದೆ.
ಪಕ್ಕದ ಮನೆಯ ನೆಲಮಾಳಿಗೆಯಲ್ಲಿ
ಪಂಪು ರಾತ್ರಿಯಿಡೀ ಕೆಮ್ಮುತ್ತದೆ.

ಯಾಕೆಂದು ನನಗೆ ಗೊತ್ತು.
ಇಪ್ಪತ್ತಾರು ವರ್ಷ ಗಿರಣಿಯ ಬಣ್ಣದ ತೊಟ್ಟಿಗಳ ಮುಂದೆ ನಿಂತವಳು ನಾನು.
ಸೋಮವಾರ ನೀಲಿ, ಗುರುವಾರ ಕೆಂಪು,
ಭಾನುವಾರ ಚರ್ಚಿನಲ್ಲಿ
ಕೈಗಳನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಪ್ರಾರ್ಥನೆ.
ಗಿರಣಿಗೆ ಐದು ಕೊಳವೆಬಾವಿ,
ಊರಿನ ಕೆಳಗಿನದನ್ನೆಲ್ಲ ಹಗಲೂ ರಾತ್ರಿ ಹೀರುತ್ತಿತ್ತು.
ಬೀಗ ಹಾಕಿದ ದಿನ ನಮಗೊಂದೊಂದು ಲಕೋಟೆ ಕೊಟ್ಟರು.
ಪಂಪುಗಳಿಗೆ ಯಾರೂ ಏನೂ ಹೇಳಲಿಲ್ಲ,
ಅವು ತಾವಾಗಿ ಸುಮ್ಮನಾದವು.
ನಾವು ಮುನ್ನೂರು ಜನ ಕೆಲಸ ಹುಡುಕಿ ಬಸ್ಸು ಹತ್ತಿ ಇಳಿಯುತ್ತಿದ್ದಾಗ
ಕೆಳಗೆ ನೀರೂ ತನ್ನ ಹಳೆಯ ಜಾಗ ಹುಡುಕುತ್ತ
ಮೆಟ್ಟಿಲಿಲ್ಲದ ಕಡೆ ಮೆಟ್ಟಿಲು ಹತ್ತಿತು.

ಆ ಲಕೋಟೆಯ ಹಣ ಇದು.
ಮಗ ದಾರಿಯೊ ಸೂರು ರಿಪೇರಿ ಮಾಡಿಸೆಂದ, ತಂಗಿ ಹಲ್ಲು ಕಟ್ಟಿಸೆಂದಳು.
ನನಗೆ ಬೇಕಿದ್ದದ್ದು ನೀರು,
ಬಣ್ಣವಿಲ್ಲದ್ದು, ಕುತ್ತಿಗೆವರೆಗೆ,
ಗಡಿಯಾರ ನೋಡದೆ.

ಜನವರಿಯ ಬಿಸಿಲಲ್ಲಿ ಲಾರಿಯ ಮೇಲೆ
ಬೋರಲಾಗಿ ಬಂತು ಫೈಬರಿನ ಕೊಳ, ದೊಡ್ಡದೊಂದು ಆಮೆ.
ಕ್ರೇನು ಅದನ್ನು ಸೂರಿನ ಮೇಲಿಂದ ದಾಟಿಸುವಾಗ
ಬೀದಿಯೆಲ್ಲ ಬಾಯಿ ತೆರೆದು ನಿಂತಿತು.
ಎಲ್ಯುತೇರಿಯೊ ಗುಂಡಿಯ ತಳಕ್ಕೆ ಜಲ್ಲಿ ಸುರಿದ,
ಜಲ್ಲಿಯೊಳಗೊಂದು ತೂತುಗಳ ಪೈಪು ಮಲಗಿಸಿದ,
ಹೋಗುವಾಗ ಬೆರಳೆತ್ತಿ ಹೇಳಿದ: 'ಖಾಲಿ ಮಾತ್ರ ಬಿಡಬೇಡಿ.'

ಆ ಬೇಸಿಗೆ! ಮೊಮ್ಮಗಳು ಮೈತೆ
ತುಟಿ ನೇರಳೆಯಾದರೂ ಮೇಲೆ ಬರುತ್ತಿರಲಿಲ್ಲ.

ಮಾರ್ಚಿನಲ್ಲಿ ಪಾಚಿ ಕಟ್ಟಿತು.
ತಿಕ್ಕಿ ತೊಳೆಯುತ್ತೇನೆಂದು ದಾರಿಯೊ ನೀರೆಲ್ಲ ಬೀದಿಗೆ ಬಿಟ್ಟ.
ಅದೇ ರಾತ್ರಿ ಆಗ್ನೇಯದ ಗಾಳಿ ಎದ್ದಿತು,
ಸಮುದ್ರಕ್ಕೆ ಹೊರಟ ನದಿಯನ್ನು ಕತ್ತು ಹಿಡಿದು ಊರೊಳಗೆ ದಬ್ಬಿತು.
ಎರಡು ಗಂಟೆಗೋ ಏನೋ, ಹಿತ್ತಿಲಲ್ಲಿ
ಯಾರೋ ಭಾರದ ಬೀರು ಎಳೆದ ಸದ್ದು.

ಬೆಳಿಗ್ಗೆ ನೋಡಿದರೆ
ಕೊಳದ ಒಂದು ತುದಿ ನೆಲ ಬಿಟ್ಟೆದ್ದಿದೆ,
ಹಾಸಿದ್ದ ಟೈಲುಗಳು ಹಪ್ಪಳದಂತೆ ಚೂರು,
ಏಣಿ ಆಕಾಶಕ್ಕೆ ಮುಖ ಮಾಡಿದೆ,
ನಿಂಬೆಗಿಡ ಬೆದರಿ ಒಂದು ಕಡೆ ವಾಲಿದೆ.
ಹಿತ್ತಿಲಲ್ಲಿ ದೋಣಿ, ಹೊರಡಲು ತಯಾರು!
ನಾನು ನಕ್ಕುಬಿಟ್ಟೆ. ಆಮೇಲೆ ಹೊಸ್ತಿಲ ಮೇಲೆ ಕೂತು
ಹನ್ನೊಂದರವರೆಗೆ ಏಳಲಿಲ್ಲ.

ಎಲ್ಯುತೇರಿಯೊ ಮಾತೆಯ ಬುರುಡೆ ಹಿಡಿದೇ ಬಂದ,
ಒಂದು ಸುತ್ತು ಹಾಕಿದ, ಬಯ್ಯಲಿಲ್ಲ.
'ಬಾವಿಗಾದರೆ ನೀರು ಬೇಕು,' ಅಂದ, 'ಇದಕ್ಕೆ ಬೇಕಾದದ್ದು ಭಾರ.
ನಲ್ಲಿ ಬಿಡು.'
ಎರಡು ದಿನ ಪೈಪು ಓಡಿತು.
ಕೊಳ ನರಳುತ್ತ ಅರ್ಧ ಇಳಿದು ಅಲ್ಲೇ ನಿಂತಿತು.

ಈಗಲೂ ಓರೆಯಾಗಿಯೇ ಇದೆ. ನೀರು ಮಾತ್ರ ಮಟ್ಟಸ.
ಒಂದು ಅಂಚಿಗೆ ತುಳುಕುವಷ್ಟು, ಇನ್ನೊಂದಕ್ಕೆ ಎರಡು ಗೇಣು ಕಡಿಮೆ.
ಬಂದವರೆಲ್ಲ ಮೊದಲು ತಲೆ ವಾಲಿಸಿ ನೋಡುತ್ತಾರೆ,
ಮೈತೆ ಆ ಒಣ ಅಂಚಿನ ಕೆಳಗೆ
ತನ್ನ ಪ್ಲಾಸ್ಟಿಕ್ ಕುದುರೆಗಳನ್ನು ಸಾಲಾಗಿ ನಿಲ್ಲಿಸುತ್ತಾಳೆ.

ಸಂಜೆ ನಾನೊಬ್ಬಳೇ ಇಳಿಯುತ್ತೇನೆ,
ಗೋಡೆ ಹಿಡಿದು, ಒಂದೊಂದೇ ಹೆಜ್ಜೆ, ಕುತ್ತಿಗೆವರೆಗೆ.
ತಳದ ಬಣ್ಣ ಥೇಟು ಆ ಸೋಮವಾರಗಳದ್ದು.
ಅಭ್ಯಾಸ, ಏನು ಮಾಡಲಿ,
ಕೈಯೆರಡೂ ಮೇಲೆತ್ತಿ ತಿರುಗಿಸಿ ನೋಡಿಕೊಳ್ಳುತ್ತೇನೆ:
ಉಗುರಿನ ಸಂದಿನಲ್ಲೂ ಹತ್ತಿಲ್ಲ.